ಗ್ರಿಪ್ಪಿಗೆ ಟೇಪು ಸುತ್ತಿ ಕ್ರೂಸರ್ ಬೈಕ್ ಆರಿಸಿದೆ: 350 ಸಿಸಿಯೇ ಸಾಲುತ್ತದೆ

ಎಷ್ಟು ದೊಡ್ಡ ಎಂಜಿನ್ನಿನ ಬೈಕು ಬೇಕು ಅಂತ ಗ್ರಿಪ್ಪಿಗೆ ಟೇಪು ಅಂಟಿಸಿ ಅಳೆಯುತ್ತಿದ್ದ ನನ್ನನ್ನು ಕಳೆದ ಬೇಸಿಗೆಯಲ್ಲಿ ನೋಡಿ ನಕ್ಕವರೇ ಈಗ ಫೋನ್ ಮಾಡುತ್ತಿದ್ದಾರೆ. "ಆ ಟೇಪಿನ ಲೆಕ್ಕ ಹೆಂಗ್ ಮಾಡಿದ್ರಿ, ಸ್ವಲ್ಪ ಹೇಳ್ರಿ" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನನ್ನದು ಬಾಗಲಕೋಟೆ ನವನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ, ಬೇರಿಂಗ್ ತರಲು ವಾರಕ್ಕೊಮ್ಮೆಯಾದರೂ ಬೆಳಗಾವಿಗೆ ಹೋಗಬೇಕು. ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ ಮೇಲೆ ನೂರಾ ನಲವತ್ತು ಕಿಮೀ ಆಸುಪಾಸು. ಆಗೀಗ ಕೊಲ್ಹಾರದ ಮೇಲೆ ವಿಜಯಪುರ. ಹಬ್ಬ ಹುಣ್ಣಿಮೆಗೆ ಮನೆಯವರ, ಅಂದರೆ ಹೆಂಡತಿಯ, ಜೊತೆ ಬದಾಮಿ, ಬನಶಂಕರಿ. ವರ್ಷಕ್ಕೆ ಹದಿನೈದು ಸಾವಿರ ಕಿಮೀ ಆರಾಮಾಗಿ ಆಗುತ್ತದೆ. ನನ್ನ ಹಳೇ ಬೈಕು ಅವೆಂಜರ್ 220 ಸೋತಿತ್ತು. ಮುಂದೆ ಕೂತಿದ್ದು ಎರಡು: ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಇಲ್ಲವೇ ಸೂಪರ್ ಮೀಟಿಯರ್ 650.

ಕಾಗದದ ಮೇಲಿನ ಲೆಕ್ಕ ಇಷ್ಟು. 350ರ ಎಂಜಿನ್ ಶಕ್ತಿ ಇಪ್ಪತ್ತು ಬಿಎಚ್‌ಪಿ, 650ರದು ನಲವತ್ತಾರರ ಮೇಲೆ. ಒಂದು 191 ಕೆಜಿ, ಇನ್ನೊಂದು 241. ನನ್ನ ಸ್ನೇಹಿತರ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: "ಸರ, ತಗೊಳ್ಳೋದು ತಗೋತೀರಿ, ದೊಡ್ಡದೇ ತಗೋರಿ. ಆರು ತಿಂಗಳಿಗೆ 350 ಬ್ಯಾಸರ ಬರ್ತೈತಿ."

ಈ ಮಾತು ನಾನು ದಿನಾ ಅಂಗಡಿಯಲ್ಲಿ ಕೇಳುತ್ತೇನೆ. ಐದು ಎಚ್‌ಪಿ ಸಾಕಾಗುವ ಬೋರಿಗೆ ಏಳೂವರೆ ಎಚ್‌ಪಿ ಪಂಪು ಇಳಿಸುತ್ತಾರೆ. ಬೋರಿನಲ್ಲಿ ನೀರು ಇದ್ದಷ್ಟೇ ಇರುತ್ತದೆ, ಕರೆಂಟು ಜಾಸ್ತಿ ಹೋಗುತ್ತದೆ, ಕೊನೆಗೆ ಮೋಟಾರು ಸುಟ್ಟು ನನ್ನ ಹತ್ತಿರವೇ ಬರುತ್ತದೆ. ನಾನು ಮೊದಲು ಕೇಳೋದು ನೀರೆಷ್ಟಿದೆ ಅಂತ. ಬೈಕಿನಲ್ಲಿ ನೀರು ಅಂದರೆ ರಸ್ತೆ. ನಾನು ಓಡಿಸುವ ರಸ್ತೆ ಎಷ್ಟು ಎಂಜಿನ್ ಕೇಳುತ್ತದೆ ಅನ್ನೋದನ್ನು ಅಳೆಯಬೇಕಿತ್ತು.

ಉಪಾಯ ಸರಳ. ಆಕ್ಸಿಲರೇಟರ್ ಗ್ರಿಪ್ಪಿನ ಮೇಲೆ ಬಿಳಿ ಇನ್ಸುಲೇಶನ್ ಟೇಪಿನ ಸಣ್ಣ ಪಟ್ಟಿಗಳು. ಪೂರ್ತಿ ಬಿಟ್ಟಾಗ ಒಂದು, ಕಾಲು ಭಾಗಕ್ಕೊಂದು, ಅರ್ಧಕ್ಕೊಂದು, ಮುಕ್ಕಾಲಿಗೊಂದು, ಪೂರ್ತಿ ತಿರುಗಿಸಿದಾಗ ಒಂದು. ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಒಂದು ಗೆರೆ. ಎರಡೂ ಗಾಡಿಗೆ ಕೇಬಲ್ ಥ್ರಾಟಲ್ ಇದೆ, ಅಂದರೆ ಗ್ರಿಪ್ಪು ತಿರುಗಿಸಿದಂತೆ ಕೇಬಲ್ಲೇ ಎಂಜಿನ್ನಿನ ಗಾಳಿಬಾಗಿಲು ಎಳೆಯುತ್ತದೆ, ಅದಕ್ಕೇ ಈ ಲೆಕ್ಕ ನಡೆಯುತ್ತದೆ. ಕೇಬಲ್ಲಿನ ಸಡಿಲ ಮೊದಲು ಒಂದೇ ಅಳತೆಗೆ ತರಬೇಕು. ಇಲ್ಲದಿದ್ದರೆ ಕಾಲು ಅಂತ ಕಂಡಿದ್ದು ಕಾಲಾಗಿರುವುದಿಲ್ಲ.

350 ಸೋದರಳಿಯನದು. 650 ಬೆಳಗಾವಿಯ ಒಬ್ಬ ಗಿರಾಕಿಯದು. ಅವರ ಎರಡು ಮೋಟಾರು ಪುಕ್ಕಟೆ ಸುತ್ತಿಕೊಟ್ಟು ಗಾಡಿ ತಂದೆ. ಶೋರೂಮಿನವರು ಕೊಡುವ ಐದು ನಿಮಿಷದ ಸುತ್ತಿನಲ್ಲಿ ಏನು ತಿಳಿಯುತ್ತದೆ, ಅಲ್ವಾ? ಸೀಟು ಮೆತ್ತಗಿದೆ ಅನ್ನೋದು ಅಷ್ಟೇ.

ಗ್ರಿಪ್ಪನ್ನು ನೋಡುತ್ತಾ ಗಾಡಿ ಓಡಿಸಲು ಆಗುವುದಿಲ್ಲ. ಹಳೇ ಫೋನನ್ನು ಕ್ಲಾಂಪ್ ಹಾಕಿ ಹ್ಯಾಂಡಲ್‌ಗೆ ಬಿಗಿದು ವಿಡಿಯೋ ಹಿಡಿದೆ. ಮೊದಲನೇ ಸಲ ವಿಡಿಯೋದಲ್ಲಿ ಬರೀ ನಡುಕ. ಎರಡನೇ ಸಲಕ್ಕೆ ಫೋನಿನ ಕ್ಯಾಮೆರಾವೇ ಹೋಯಿತು. ಚಿತ್ರ ಅಲುಗದಂತೆ ತಡೆಯುವ ಲೆನ್ಸು ಬೈಕಿನ ನಡುಕಕ್ಕೆ ಹಾಳಾಗುತ್ತದೆ, ನಿಮ್ಮ ದುಬಾರಿ ಫೋನು ಕಟ್ಟಬೇಡಿ. ಆಮೇಲೆ ಎರಡು ಸಾವಿರ ಕೊಟ್ಟು ಒಂದು ಹಳೇ ಆ್ಯಕ್ಷನ್ ಕ್ಯಾಮೆರಾ ತಂದು ಎದೆಗೆ ಕಟ್ಟಿಕೊಂಡೆ. ಅದರಲ್ಲಿ ಪಟ್ಟಿಗಳು ಸ್ವಚ್ಛ ಕಂಡವು. ರಾತ್ರಿ ಊಟ ಆದಮೇಲೆ ಮಗಳು ವಿಡಿಯೋ ಓಡಿಸುತ್ತಿದ್ದಳು, ನಾನು ಮುಕ್ಕಾಲು ದಾಟಿದ ಸೆಕೆಂಡು ಬರೆಯುತ್ತಿದ್ದೆ. ಬೇಸರದ ಕೆಲಸ. ಆದರೆ ಎರಡು ಲಕ್ಷದ ಪ್ರಶ್ನೆ.

ಒಬ್ಬನೇ, ಬಾಗಲಕೋಟೆಯಿಂದ ಬೆಳಗಾವಿ, 350ರಲ್ಲಿ: ಹೆಚ್ಚುಕಡಿಮೆ ಇಡೀ ದಾರಿ ಅರ್ಧದ ಒಳಗೆ. ಮುಕ್ಕಾಲು ದಾಟಿದ್ದು ಲಾರಿ ಹಿಂದೆ ಹಾಕುವಾಗ ಮಾತ್ರ, ಎಲ್ಲ ಸೇರಿಸಿ ಐದಾರು ನಿಮಿಷ. ಮನೆಯವರನ್ನು ಕೂರಿಸಿಕೊಂಡು, ಬ್ಯಾಗು ಕಟ್ಟಿಕೊಂಡು ಹೋದಾಗ ಕಾಲು ತಾಸಿನ ಹತ್ತಿರ ಬಂತು. 650ರಲ್ಲಿ ಅದೇ ದಾರಿ ಕಾಲು ಭಾಗದ ಗೆರೆಯಲ್ಲೇ ಮುಗಿಯಿತು. ಅರ್ಧ ದಾಟಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಖುಷಿಗೆ. ಸಮಯ? ಮೂರು ತಾಸಿನ ದಾರಿಯಲ್ಲಿ ಹತ್ತು ನಿಮಿಷ ಉಳಿಯಿತು.

ಕಾರಣ ನಮ್ಮ ರಸ್ತೆಯೇ. ಊರು ಬಂತು, ಹಂಪು ಬಂತು, ಎಮ್ಮೆ ಬಂತು. ಕಬ್ಬಿನ ಹಂಗಾಮು ಶುರುವಾದರೆ ಕೇಳಲೇಬೇಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಮುಂದೆ ಜೋರಾಗಿ ಹಾಡು. ಅಲ್ಲಿ ಬೇಕಾಗಿರುವುದು ನಲವತ್ತರಿಂದ ಎಪ್ಪತ್ತಕ್ಕೆ ಒಂದು ಸಲ ಜಗ್ಗುವ ಶಕ್ತಿ. 350ರ ಸ್ಟ್ರೋಕು, ಅಂದರೆ ಪಿಸ್ಟನ್ ಓಡುವ ದೂರ, ಉದ್ದ: 85.8 ಮಿಮೀ. ಜಗ್ಗುವ ಬಲ, ಅಂದರೆ 27 ಎನ್‌ಎಂ ಟಾರ್ಕು, 4000 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ಒಂದು ಗೇರು ಇಳಿಸಿದರೆ ಕೆಲಸ ಆಗುತ್ತದೆ. 650 ಗೇರು ಇಳಿಸದೇ ಅದೇ ಕೆಲಸ ಮಾಡುತ್ತದೆ, ನಿಜ. ಆ ಒಂದು ಗೇರಿಗೆ ನಾನೆಷ್ಟು ಕೊಡಬೇಕು ಅನ್ನೋದೇ ಪ್ರಶ್ನೆ. ಇನ್ನೊಂದು ಮಾತು: 2018ರ ಕೇಂದ್ರದ ಆದೇಶದ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿಗೆ ಮಿತಿ 80.

ಹಂಪಿನ ವಿಷಯ ಬೇರೆಯೇ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹಂಪು ಹಾಕುವವರಿಗೆ ಅಳತೆ ಅನ್ನೋದೇ ಇಲ್ಲ. 650ರ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 135 ಮಿಮೀ, 350ರದು 170. ಇಬ್ಬರು ಕೂತಾಗ ಲೋಕಾಪುರದ ಆಚೆ ಒಂದು ಹಂಪಿಗೆ ಕೆಳಗಿಂದ ಕರ್ ಅಂತ ಶಬ್ದ ಬಂತು. ಗಿರಾಕಿಯ ಗಾಡಿ! ಅಲ್ಲಿಂದ ಮುಂದೆ ಹಂಪು ಕಂಡಲ್ಲೆಲ್ಲ ಮನೆಯವರನ್ನು ಇಳಿಸಿ ದಾಟಿಸಿದೆ. "ನಾ ನಡಕೊಂತ ಬೆಳಗಾವಿ ಮುಟ್ಟತೇನಿ, ನೀವು ಹಿಂದ ಬರ್ರಿ" ಅಂದಳು.

ಬ್ಯಾಕ್‌ರೆಸ್ಟ್ ಬಗ್ಗೆ ಯಾರೂ ಬರೆಯದ ಒಂದು ವಿಷಯ ಇದೆ. ನಮ್ಮ ಕಡೆ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರೇ ಜಾಸ್ತಿ. ಹಾಗೆ ಕೂತರೆ ಬ್ಯಾಕ್‌ರೆಸ್ಟು ಬೆನ್ನಿಗೆ ಸಿಗುವುದೇ ಇಲ್ಲ, ತೋಳಿಗೆ ಚುಚ್ಚುತ್ತದೆ. ದೂರದ ಪ್ರಯಾಣಕ್ಕೆ ಚೂಡಿದಾರ್ ಅಂತ ಒಪ್ಪಂದವಾಯಿತು. ಸೀಟು ಅಳೆಯುವಾಗ ಅವಳನ್ನೇ ಒಂದು ತಾಸು ಕೂರಿಸಿ ಕೇಳಿದೆ. ಎರಡಕ್ಕೂ ಅವಳು ಕೊಟ್ಟಿದ್ದು ಒಂದೇ ಮಾರ್ಕು.

650 ಗೆದ್ದಿದ್ದು ಎಲ್ಲಿ? ಬೆಳಗಾವಿಯಿಂದ ನಿಪ್ಪಾಣಿ ಕಡೆ ಹೆದ್ದಾರಿ 48ರಲ್ಲಿ, ಇಬ್ಬರು ಕೂತಾಗ. ಅಲ್ಲಿ ಲಾರಿ, ಬಸ್ಸುಗಳ ಜೊತೆ ಓಡುವಾಗ 350 ಮುಕ್ಕಾಲಿನ ಗೆರೆ ಬಿಟ್ಟು ಕೆಳಗೆ ಬರಲೇ ಇಲ್ಲ. ಚೋರ್ಲಾ ಘಾಟಿನ ಏರಿನಲ್ಲೂ ಅದೇ ಕತೆ. ಕೊರ್ತಿ–ಕೊಲ್ಹಾರ ಸೇತುವೆ ಮೇಲೆ ಜೂನ್ ಗಾಳಿ ಪಕ್ಕದಿಂದ ಹೊಡೆಯುವಾಗ 241 ಕೆಜಿಯ ಬೆಲೆ ಗೊತ್ತಾಗುತ್ತದೆ. ಸೇತುವೆ ಮೂರು ಕಿಮೀ ಆಸುಪಾಸು ಉದ್ದ, ಕೆಳಗೆ ಆಲಮಟ್ಟಿ ಹಿನ್ನೀರು. 350ರಲ್ಲಿ ಅದನ್ನು ಅರವತ್ತರ ಒಳಗೆ ದಾಟುತ್ತೇನೆ. ಮತ್ತೆ ಆ ಶಬ್ದ. 270 ಡಿಗ್ರಿ ಕ್ರ್ಯಾಂಕಿನ ಆ ಗುಡುಗು ಕೇಳಿದರೆ ಟೇಪು, ಲೆಕ್ಕ ಎಲ್ಲ ಮರೆತುಹೋಗುತ್ತದೆ. ಸುಳ್ಳು ಹೇಳಲ್ಲ.

ಈಗ ರೊಕ್ಕ. ಜುಲೈನಲ್ಲೇ 350 ಅಂತ ನಿಕ್ಕಿ ಮಾಡಿದ್ದೆ, ಬುಕ್ ಮಾಡಿರಲಿಲ್ಲ. ಜಿಎಸ್‌ಟಿ ಬದಲಾಗುತ್ತದೆ ಅಂತ 2025ರ ಆಗಸ್ಟ್ 15ಕ್ಕೆ ಸುದ್ದಿ ಬಂತು. ತಡೆದೆ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಶೇಕಡ 28 ಇದ್ದಿದ್ದು 18 ಆಯಿತು. ಅದರ ಮೇಲಿನವಕ್ಕೆ ಸೆಸ್ ಸೇರಿ 31 ಇದ್ದಿದ್ದು 40ಕ್ಕೆ ಏರಿತು. 349 ಸಿಸಿ ಗೆರೆಯ ಈಚೆ, 648 ಆಚೆ. ಇದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, ಲಕ್ಷ ದಾಟಿದ ಬೈಕಿಗೆ ಶೇಕಡ 18. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಆಗ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದರ ಮೇಲೆ 15,117. ಎಲ್ಲ ಕೂಡಿ ರಸ್ತೆಗೆ ಇಳಿಯುವ ಹೊತ್ತಿಗೆ ಎರಡರ ನಡುವೆ ಎರಡೂವರೆ ಲಕ್ಷದ ಹತ್ತಿರ ಅಂತರ. ಪೆಟ್ರೋಲಿನಲ್ಲಿ 350 ಮೂವತ್ಮೂರು, ಮೂವತ್ನಾಲ್ಕು ಕೊಡುತ್ತದೆ. 650 ನನ್ನ ಕೈಯಲ್ಲಿ ಇಪ್ಪತ್ಮೂರು ಕೊಟ್ಟಿತು. ನನ್ನ ಓಡಾಟಕ್ಕೆ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ ಉಳಿತಾಯ.

ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಪಾಸಿಂಗ್ (ನೋಂದಣಿ) ಮಾಡಿಸಿ ತೆರಿಗೆ ಉಳಿಸಿ ಅನ್ನುವವರು ಗಡಿಯಲ್ಲಿ ಬಹಳ ಜನ. ಅಲ್ಲಿನ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಇಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ಆ ಉಸಾಬರಿ ಬೇಡ ಅಂತ ನಮ್ಮ ಬಾಗಲಕೋಟೆಯ ನಂಬರು ಕೆಎ 29 ಹಾಕಿಸಿದೆ. ಶೋರೂಮಿನಲ್ಲಿ ಆಕ್ಸೆಸರಿ ಹೆಸರಲ್ಲಿ ಬಿಲ್ಲು ಏರಿಸಿದ್ದರು, ಅದನ್ನು ಹೇಗೆ ಇಳಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮುಂದಿನ ಗಾಡಿಗೂ ಆ ಮಾತು ಬೇಕಾಗುತ್ತದೆ.

ತಂದಮೇಲೆ ಸುಮ್ನೆ ಕೂರಲಿಲ್ಲ. ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಡಿಮೆ ಮಾಡಿ ನೋಡಿದೆ. ಘಾಟಿನಲ್ಲಿ ಚೆನ್ನಾಗಿ ಜಗ್ಗಿತು, ಎಂಬತ್ತಕ್ಕೆ ಕಾಲಿನಡಿ ಜುಮ್ಮೆನ್ನಲು ಶುರುವಾಯಿತು. ತೆಗೆದೆ. ಈಗ ಹಿಂದಿನ ಶಾಕಿನ ಬಿಗಿ, ಟೈರಿನ ಗಾಳಿ, ಇನ್ನೊಂದು ಸಣ್ಣ ಬದಲಾವಣೆ ಸೇರಿಸಿ ಇಬ್ಬರಿಗೂ ಹೊಂದುವಂತೆ ಮಾಡಿಕೊಂಡಿದ್ದೇನೆ. ಆ ಇನ್ನೊಂದು ಯಾವುದು ಅಂತ ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ, ಚಹಾ ಅವರದು.

ಗಾಳಿತಡೆಗೆ ಬೋರ್ಡ್ ಬರೆಯುವವರ ಹತ್ತಿರ ಮೂರು ಮಿಮೀ ಅಕ್ರಿಲಿಕ್ ತಂದು, ಹೀಟ್ ಗನ್ನಿನಲ್ಲಿ ಬಗ್ಗಿಸಿ ಹಾಕಿದೆ. ಏಳುನೂರು ರೂಪಾಯಿ. ಮೊದಲು ಗುಂಯ್‌ಗುಟ್ಟಿತು, ಆಮೇಲೆ ಸ್ಕ್ರೂ ರಂಧ್ರದಿಂದ ಬಿರುಕು ಬಿಟ್ಟಿತು. ಈಗ ಪಾಲಿಕಾರ್ಬೊನೇಟ್, ಮೂರು ಸಾವಿರ ಚಿಲ್ಲರೆ. ಎದೆಗೆ ಗಾಳಿ ಹೊಡೆಯುವುದು ನಿಂತು, ಬೆಳಗಾವಿ ಮುಟ್ಟಿದಾಗ ಕತ್ತು ನೋಯುವುದಿಲ್ಲ. ಎಂಜಿನ್ ದೊಡ್ಡದಾದರೆ ದಣಿವು ಕಡಿಮೆ ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಗಾಳಿತಡೆಯ ಕೆಲಸ ಅಂತ ನನ್ನ ಅನಿಸಿಕೆ.

ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಗಲಾಟೆ ನಡೆದಾಗ ಅದನ್ನೂ ಅಳೆದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶೇಕಡ 20 ಬೆರೆಸಿದರೆ ಮೈಲೇಜು ಶೇಕಡ ಆರೇಳು ಇಳಿಯಬೇಕು ಅನ್ನೋದು ಲೆಕ್ಕ. ದುಬಾರಿ ಪ್ರೀಮಿಯಂ ಪೆಟ್ರೋಲು ಒಂದೆರಡು ಟ್ಯಾಂಕು ಹಾಕಿಸಿ ಹೋಲಿಸಿದೆ. ಒಂದು ಕಿಮೀಯೂ ವ್ಯತ್ಯಾಸ ಹಿಡಿಯಲಾಗಲಿಲ್ಲ. ಬಹುಪಾಲು ಪ್ರೀಮಿಯಂ ಪೆಟ್ರೋಲಿನಲ್ಲೂ ಎಥನಾಲ್ ಬೆರೆತಿರುತ್ತದೆ, ಹಾಗಾಗಿ ಈ ಹೋಲಿಕೆ ಗಟ್ಟಿಯಲ್ಲ. ಎದುರುಗಾಳಿ ಇದ್ದ ದಿನ ಮೈಲೇಜು ಒಂದು ಕಿಮೀಗಿಂತ ಹೆಚ್ಚು ಇಳಿಯುತ್ತದೆ. ಎಥನಾಲ್ ತೆಗೆಯುವ ಕಬ್ಬು ನಮ್ಮ ಜಿಲ್ಲೆಯದೇ ಅಂತ ಬಿಟ್ಟುಬಿಟ್ಟೆ.

ತಿಂಗಳಿಗೆರಡು ಸಲ ಹೆದ್ದಾರಿ 48 ಹಿಡಿದು ಪುಣೆಗೋ ಬೆಂಗಳೂರಿಗೋ ಇಬ್ಬರೂ ಹೋಗುವವರಿದ್ದರೆ 650 ತಗೊಳ್ಳಿ, ನಾನೇ ಬಂದು ಪೂಜೆಗೆ ಕಾಯಿ ಒಡೆಯುತ್ತೇನೆ. ಮುಧೋಳ, ಜಮಖಂಡಿ, ಇಂಡಿ, ಸಿಂದಗಿ ಸುತ್ತುವವರು ಮೊದಲು ಇಪ್ಪತ್ತು ರೂಪಾಯಿಯ ಟೇಪು ತಗೊಳ್ಳಿ. ಮುಕ್ಕಾಲಿನ ಗೆರೆ ತಾಸಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ದಾಟಿದರೆ ದೊಡ್ಡದು ನೋಡಿ. ಈ ಹತ್ತು ನಿಮಿಷ ನನ್ನ ಅಂದಾಜು, ನಿಮ್ಮ ತೂಕಕ್ಕೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ನನ್ನ ಗಾಡಿ ಈಗ ಎಂಟೊಂಬತ್ತು ಸಾವಿರ ಕಿಮೀ ಓಡಿದೆ. ಉಳಿದ ರೊಕ್ಕದಲ್ಲಿ ಅರವತ್ತು ಸಾವಿರಕ್ಕೆ ಅಂಗಡಿಗೆ ಹೊಸ ವೈಂಡಿಂಗ್ ಮಷಿನ್ ತಂದೆ. 650 ಕೊಟ್ಟಿದ್ದ ಗಿರಾಕಿ ಮೊನ್ನೆ ತಮ್ಮ ಗಾಡಿಯ ಗ್ರಿಪ್ಪಿನ ಟೇಪು ಇನ್ನೂ ಕಿತ್ತಿಲ್ಲ ಅಂದರು. ಗೋಂದು ಅಂಟಿಕೊಂಡಿದೆಯಂತೆ. ಸೀಮೆಎಣ್ಣೆ ಹಚ್ಚಬೇಡಿ, ರಬ್ಬರು ಹಾಳಾಗುತ್ತದೆ, ಕೊಬ್ಬರಿ ಎಣ್ಣೆ ಸ್ವಲ್ಪ ಹಚ್ಚಿ, ಗೋಂದು ಬಿಟ್ಟ ಕೂಡಲೇ ಸಾಬೂನು ನೀರಿನಲ್ಲಿ ಒರೆಸಿಬಿಡಿ ಅಂದಿದ್ದೇನೆ.