ಹಲ್ಲಿನ ಎಕ್ಸ್-ರೇ ಉಪಕರಣದ ವಿನ್ಯಾಸ: ಮಸುಕಿನ ಲೆಕ್ಕದಿಂದ ಆರಂಭಿಸುವ ಕ್ರಮ

ಬಾಯೊಳಗೆ ಇಡುವ ಸೆನ್ಸರ್‌ನೊಂದಿಗೆ ಕೆಲಸ ಮಾಡುವ ಹಲ್ಲಿನ ಎಕ್ಸ್-ರೇ ಉಪಕರಣವನ್ನು ರೂಪಿಸಲು ಹೊರಟವರು ಮೊದಲು ಪಿಕ್ಸೆಲ್ ಅಳತೆಯನ್ನು ಗೊತ್ತುಮಾಡಿಕೊಂಡು, ಉಳಿದುದನ್ನೆಲ್ಲ ಅದಕ್ಕೆ ಹೊಂದಿಸುವುದುಂಟು. ಇದು ತಲೆಕೆಳಗಾದ ಕ್ರಮ. ವೈದ್ಯರು ಏನನ್ನು ನೋಡಬೇಕಾಗಿದೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಬಳಸುವ 10ನೇ ಸಂಖ್ಯೆಯ ಫೈಲ್ (ಬೇರಿನ ನಾಳವನ್ನು ಕೆರೆಯುವ ಸೂಜಿಯಂಥ ಸಾಧನ) ತುದಿಯಲ್ಲಿ 0.10 ಮಿ.ಮೀ. ದಪ್ಪವಿರುತ್ತದೆ, ಅದು ಬೇರಿನ ಕೊನೆಯಿಂದ ಎಷ್ಟು ದೂರದಲ್ಲಿದೆ ಎಂಬುದು ಚಿತ್ರದಲ್ಲಿ ಕಾಣಬೇಕು. ಎರಡು ಹಲ್ಲುಗಳ ನಡುವೆ ಆಗತಾನೇ ಶುರುವಾದ ಹುಳುಕಿಗೆ ಇಷ್ಟು ಸೂಕ್ಷ್ಮತೆ ಬೇಡ, ಆದರೆ ಖನಿಜಾಂಶದ ಸಣ್ಣ ಇಳಿಕೆಯನ್ನೂ ಎತ್ತಿ ತೋರಿಸುವ ಕಾಂಟ್ರಾಸ್ಟ್ ಬೇಕು. ಮೊದಲನೆಯದು ಮಸುಕಿನ ಪ್ರಶ್ನೆ, ಎರಡನೆಯದು ಕಾಂಟ್ರಾಸ್ಟ್ ಮತ್ತು ನಾಯ್ಸ್‌ನ (ಚಿತ್ರದಲ್ಲಿ ಬೆರೆಯುವ ಅನಗತ್ಯ ಏರುಪೇರಿನ) ಪ್ರಶ್ನೆ.

ಮುಂದಿನ ಹೆಜ್ಜೆಯಾಗಿ, ಮಸುಕಿನ ಪ್ರತಿಯೊಂದು ಮೂಲವನ್ನೂ ಮೈಕ್ರಾನ್‌ಗೆ (ಮಿ.ಮೀ.ನ ಸಾವಿರದ ಒಂದು ಭಾಗ) ಪರಿವರ್ತಿಸಿ ಒಂದೇ ಪಟ್ಟಿಯಲ್ಲಿ ಇಡಬೇಕು. ಟ್ಯೂಬಿನ ಫೋಕಲ್ ಸ್ಪಾಟ್, ಅಂದರೆ ಎಕ್ಸ್-ರೇ ಹೊರಡುವ ಜಾಗ, ಬಿಂದುವಲ್ಲ, ಅದಕ್ಕೆ ಅಗಲವಿದೆ. ಆ ಅಗಲವನ್ನು ಹಲ್ಲಿನಿಂದ ಸೆನ್ಸರ್‌ಗಿರುವ ದೂರದಿಂದ ಗುಣಿಸಿ, ಫೋಕಲ್ ಸ್ಪಾಟಿನಿಂದ ಹಲ್ಲಿಗಿರುವ ದೂರದಿಂದ ಭಾಗಿಸಿದರೆ ಜ್ಯಾಮಿತೀಯ ಮಸುಕು ದೊರೆಯುತ್ತದೆ. ಸ್ಪಾಟ್ 0.7 ಮಿ.ಮೀ., ಹಲ್ಲಿನವರೆಗಿನ ದೂರ 320 ಮಿ.ಮೀ., ಹಲ್ಲಿನಿಂದ ಸೆನ್ಸರ್‌ಗೆ 10 ಮಿ.ಮೀ. ಎಂದಿಟ್ಟುಕೊಂಡರೆ ಇದು ಸುಮಾರು 22 ಮೈಕ್ರಾನ್. ಸ್ಪಾಟನ್ನು 0.4 ಮಿ.ಮೀ.ಗೆ ಇಳಿಸಿದರೆ 12.5 ಮೈಕ್ರಾನ್. ಕಾಗದದ ಮೇಲೆ ಇದು ದೊಡ್ಡ ಗೆಲುವಿನಂತೆ ಕಾಣುತ್ತದೆ.

ಆದರೆ ಟ್ಯೂಬಿಗೆ ಕೊಟ್ಟ ವಿದ್ಯುತ್ ಶಕ್ತಿಯಲ್ಲಿ ಶೇ. 1ರಷ್ಟು ಕೂಡ ಎಕ್ಸ್-ರೇ ಆಗುವುದಿಲ್ಲ. ಉಳಿದದ್ದೆಲ್ಲ ಟಂಗ್‌ಸ್ಟನ್ ಗುರಿಯ ಆ ಪುಟ್ಟ ಜಾಗದಲ್ಲಿ ಶಾಖವಾಗುತ್ತದೆ. 70 ಕಿಲೋವೋಲ್ಟ್, 7 ಮಿಲಿಆಂಪಿಯರ್ ಎಂದರೆ 490 ವಾಟ್. ಸ್ಪಾಟ್ ಚಿಕ್ಕದಾದಷ್ಟೂ ಕರೆಂಟ್ ಇಳಿಸಬೇಕು, ಕರೆಂಟ್ ಇಳಿದಷ್ಟೂ ಎಕ್ಸ್‌ಪೋಷರ್ ಉದ್ದವಾಗಬೇಕು, ಅಷ್ಟರಲ್ಲಿ ರೋಗಿಯ ದವಡೆ ಅಲುಗುತ್ತದೆ. ಈ ಸರಪಳಿಯನ್ನು ಅಂಕಿಗಳಲ್ಲಿ ನೋಡಿ. ದವಡೆ ಸೆಕೆಂಡಿಗೆ 0.5 ಮಿ.ಮೀ. ಸರಿಯುತ್ತದೆ ಎಂದು ಭಾವಿಸೋಣ. 0.4 ಮಿ.ಮೀ. ಸ್ಪಾಟ್, 4 ಮಿಲಿಆಂಪಿಯರ್, 0.16 ಸೆಕೆಂಡ್ ಇದ್ದಾಗ ಚಲನೆಯ ಮಸುಕು 80 ಮೈಕ್ರಾನ್, 0.7 ಮಿ.ಮೀ. ಸ್ಪಾಟ್, 8 ಮಿಲಿಆಂಪಿಯರ್, 0.08 ಸೆಕೆಂಡ್ ಇದ್ದಾಗ 40 ಮೈಕ್ರಾನ್. ಪರಸ್ಪರ ಸಂಬಂಧವಿಲ್ಲದ ಮಸುಕುಗಳನ್ನು ನೇರವಾಗಿ ಕೂಡಿಸುವುದಿಲ್ಲ, ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತೇವೆ. ಹಾಗೆ ಮಾಡಿದರೆ ಮೊದಲ ಜೋಡಿಗೆ 81, ಎರಡನೆಯದಕ್ಕೆ 46 ಮೈಕ್ರಾನ್ ಬರುತ್ತದೆ. ದೊಡ್ಡ ಸ್ಪಾಟ್ ಇರುವ ಟ್ಯೂಬೇ ಸ್ಪಷ್ಟವಾದ ಚಿತ್ರ ಕೊಟ್ಟಿತು. ವರ್ಗಗಳ ಮೊತ್ತದಲ್ಲಿ ದೊಡ್ಡ ಸಂಖ್ಯೆಯೇ ಉಳಿದವನ್ನು ನುಂಗುವುದರಿಂದ, ಪಟ್ಟಿಯಲ್ಲಿ ಯಾವುದು ಅತಿ ದೊಡ್ಡದೋ ಅದರ ಮೇಲೆ ಮಾತ್ರ ಹಣ ಹಾಕಬೇಕು. ಎರಡನೆಯ, ಮೂರನೆಯ ಸ್ಥಾನದಲ್ಲಿರುವುದನ್ನು ತಿದ್ದಿದರೆ ಫಲ ಕಾಣುವುದೇ ಇಲ್ಲ.

ದೂರದ ಆಯ್ಕೆ ಇಷ್ಟು ಸುಲಭವಲ್ಲ. ಫೋಕಲ್ ಸ್ಪಾಟಿನಿಂದ ಚರ್ಮಕ್ಕೆ 30 ಸೆಂ.ಮೀ. ದೂರವಿಡುವ ಉದ್ದ ಕೋನ್ (ಟ್ಯೂಬಿನ ಮುಂದಿನ ಕೊಳವೆ) ಬಳಸಿದಾಗ, ಚರ್ಮದಿಂದ 3 ಸೆಂ.ಮೀ. ಒಳಗಿರುವ ಸೆನ್ಸರ್‌ಗೆ ಅಷ್ಟೇ ಕಿರಣ ತಲುಪಿಸಲು 20 ಸೆಂ.ಮೀ. ಕೋನ್‌ಗಿಂತ ಎರಡು ಪಟ್ಟಿಗೂ ತುಸು ಹೆಚ್ಚು ಕೆಲಸವನ್ನು ಟ್ಯೂಬ್ ಮಾಡಬೇಕಾಗುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಸಮಯವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಪ್ರತಿಯಾಗಿ ಚರ್ಮದ ಮೇಲೆ ಬೀಳುವ ವಿಕಿರಣ ಸುಮಾರು ಶೇ. 8ರಷ್ಟು ತಗ್ಗುತ್ತದೆ, ಚಿತ್ರದ ಹಿಗ್ಗುವಿಕೆಯೂ ಕಡಿಮೆ. ಮೇಲಿನ ಅಂಕಿಗಳನ್ನೇ ಮುಂದುವರಿಸಿದರೆ ಉದ್ದ ಕೋನ್‌ನ 46ಕ್ಕೆ ಬದಲಾಗಿ ಗಿಡ್ಡ ಕೋನ್‌ನ ಒಟ್ಟು ಮಸುಕು 37 ಮೈಕ್ರಾನ್‌ಗೆ ಇಳಿಯುತ್ತದೆ, ಅಂದರೆ ಸ್ಪಷ್ಟತೆಯಲ್ಲಿ ಅದೇ ಮೇಲು. ಆದರೂ ಉದ್ದ ಕೋನ್ ಆಯ್ದುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ: ಅಲುಗಾಟವನ್ನು ತಲೆಯ ಆಸರೆಯಿಂದ ಹತೋಟಿಗೆ ತರಬಹುದು, ಚರ್ಮಕ್ಕೆ ಬಿದ್ದ ವಿಕಿರಣವನ್ನು ಹಿಂತೆಗೆಯುವ ದಾರಿಯಿಲ್ಲ.

ಕಿಲೋವೋಲ್ಟ್ ವಿಷಯದಲ್ಲಿ ಹೆಚ್ಚು ತಿಣುಕಬೇಕಿಲ್ಲ. 60ರಿಂದ 70ರ ನಡುವೆ ನಿಲ್ಲಿಸಬಹುದು. ಕೆಳಗಿಳಿದಂತೆ ಕಾಂಟ್ರಾಸ್ಟ್ ಏರುತ್ತದೆ, ಜೊತೆಗೆ ಸೆನ್ಸರನ್ನು ತಲುಪದೆ ಅಂಗಾಂಶದಲ್ಲೇ ಉಳಿಯುವ ಮೃದು ಕಿರಣಗಳ ಪಾಲೂ ಏರುತ್ತದೆ. 1.5 ಮಿ.ಮೀ. ಅಲ್ಯೂಮಿನಿಯಂಗೆ ಸಮನಾದ ಫಿಲ್ಟರ್ ಇವುಗಳಲ್ಲಿ ಬಹುಪಾಲನ್ನು ತಡೆಯುತ್ತದೆ.

ಸೆನ್ಸರ್‌ಗೆ ಈಗ ಬರಬೇಕು. 20 ಮೈಕ್ರಾನ್ ಪಿಕ್ಸೆಲ್ ತಾತ್ತ್ವಿಕವಾಗಿ ಮಿ.ಮೀ.ಗೆ 25 ಗೆರೆಜೋಡಿಗಳನ್ನು (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ಬಿಡಿಸಿ ತೋರಿಸಬಲ್ಲದು, ಆದರೆ 46 ಮೈಕ್ರಾನ್ ಮಸುಕು ಈಗಾಗಲೇ ಕೂತಿರುವಾಗ ಅದನ್ನು 10ಕ್ಕೆ ಇಳಿಸುವುದು ಜಾಹೀರಾತಿಗಷ್ಟೇ ಉಪಯೋಗ. ಪಿಕ್ಸೆಲ್‌ನ ಬದಿ ಅರ್ಧವಾದರೆ ಅದಕ್ಕೆ ಸಿಗುವ ಫೋಟಾನ್‌ಗಳು ಕಾಲುಭಾಗವಾಗುತ್ತವೆ, ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ ಅರ್ಧಕ್ಕಿಳಿಯುತ್ತದೆ. ಅದನ್ನು ಮರಳಿ ಪಡೆಯಲು ವಿಕಿರಣವನ್ನು ನಾಲ್ಕು ಪಟ್ಟು ಮಾಡಬೇಕು. ಎಕ್ಸ್-ರೇಯನ್ನು ಬೆಳಕಾಗಿಸುವ ಸಿಂಟಿಲೇಟರ್ ಪದರದ ದಪ್ಪವೇ ಇಲ್ಲಿ ನಿಜವಾದ ನಿರ್ಧಾರ. ದಪ್ಪ ಪದರ ಹೆಚ್ಚು ಫೋಟಾನ್‌ಗಳನ್ನು ಹಿಡಿಯುತ್ತದೆ, ಆದರೆ ಬೆಳಕು ಅದರೊಳಗೆ ಅಡ್ಡಲಾಗಿ ಹರಡುತ್ತದೆ. ಸೀಸಿಯಂ ಅಯೊಡೈಡ್ ಸೂಜಿಯಂಥ ಸ್ತಂಭಗಳಾಗಿ ಬೆಳೆಯುವುದರಿಂದ ಬೆಳಕನ್ನು ಬಹುಮಟ್ಟಿಗೆ ನೇರವಾಗಿ ಕೆಳಗಿಳಿಸುತ್ತದೆ. ತೇವ ತಾಗಿದರೆ ಕೆಡುತ್ತದೆ, ಆದ್ದರಿಂದ ಲಾಲಾರಸ ಒಳನುಸುಳದ ಮುಚ್ಚುಗೆ ಅನಿವಾರ್ಯ. ಗ್ಯಾಡೊಲಿನಿಯಂ ಆಕ್ಸಿಸಲ್ಫೈಡ್ ಅಗ್ಗ ಮತ್ತು ಗಟ್ಟಿ, ಆದರೆ ಅದೇ ದಪ್ಪಕ್ಕೆ ಹೆಚ್ಚು ಮಸುಕು. ಸಿಂಟಿಲೇಟರ್‌ನ ಕೆಳಗೆ ಫೈಬರ್ ಆಪ್ಟಿಕ್ ಫಲಕವಿಟ್ಟರೆ, ದಾಟಿ ಬಂದ ಕಿರಣಗಳು ಚಿಪ್‌ಗೆ ನೇರವಾಗಿ ಬಡಿದು ಚುಕ್ಕೆಗಳನ್ನು ಮೂಡಿಸುವುದು ತಪ್ಪುತ್ತದೆ. ಸೆನ್ಸರ್ ಮಾತ್ರ ದಪ್ಪವಾಗುತ್ತದೆ, ಮತ್ತು ದಪ್ಪಗಾದ ಸೆನ್ಸರನ್ನು ಸರಿಯಾದ ಸ್ಥಾನದಲ್ಲಿ ಕಚ್ಚಿಹಿಡಿಯಲು ರೋಗಿ ಒಪ್ಪುವುದಿಲ್ಲ.

ಎಕ್ಸ್-ರೇ ಬಂದುದನ್ನು ಸೆನ್ಸರ್ ತಾನೇ ಗುರುತಿಸಿ ಚಿತ್ರ ಹಿಡಿಯುವ ವ್ಯವಸ್ಥೆಯಲ್ಲಿ ಟ್ರಿಗರ್ ಮಟ್ಟವನ್ನು (ಎಷ್ಟು ಕಿರಣ ಬಿದ್ದಾಗ ಚಿತ್ರ ಹಿಡಿಯಬೇಕು ಎಂಬ ಮಿತಿ) ಕೆಳಗೇ ಇಡಬೇಕು. ಸುಳ್ಳು ಟ್ರಿಗರ್‌ನಿಂದ ಒಂದು ಖಾಲಿ ಚಿತ್ರ ಬರುತ್ತದೆ, ಅಷ್ಟೇ. ತಪ್ಪಿಹೋದ ಟ್ರಿಗರ್ ಎಂದರೆ ರೋಗಿಗೆ ವಿಕಿರಣ ಬಿದ್ದೂ ಚಿತ್ರವಿಲ್ಲ. 50 ಹರ್ಟ್ಸ್ ಎಸಿ ಟ್ಯೂಬಿನಲ್ಲಿ ಕಿರಣಗಳು 20 ಮಿಲಿಸೆಕೆಂಡಿಗೊಮ್ಮೆ ಮಿಡಿತಗಳಾಗಿ ಬರುವುದರಿಂದ, ನಡುವಿನ ವಿರಾಮವನ್ನು ಸೆನ್ಸರ್ ಮುಕ್ತಾಯವೆಂದು ತಿಳಿಯದಂತೆ ನೋಡಿಕೊಳ್ಳಬೇಕು. ಡಿಸಿ ಜನರೇಟರ್‌ನಲ್ಲಿ ಈ ತೊಡಕಿಲ್ಲ, ಸಮಯವನ್ನೂ ಸೂಕ್ಷ್ಮವಾಗಿ ನಿಗದಿಪಡಿಸಬಹುದು.

ಕಿರಣಗಳ ಹರವನ್ನು ಮಿತಿಗೊಳಿಸುವ ಕೊಲಿಮೇಟರ್‌ನ ಆಕಾರ ಕೊನೆಯ ದೊಡ್ಡ ಆಯ್ಕೆ. 60 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ 28 ಚ.ಸೆಂ.ಮೀ.; 35×45 ಮಿ.ಮೀ. ಆಯತದ್ದು 16ಕ್ಕೂ ಕಡಿಮೆ. ವಿಕಿರಣಕ್ಕೆ ಒಡ್ಡಿಕೊಳ್ಳುವ ಅಂಗಾಂಶದಲ್ಲಿ ಇಷ್ಟು ದೊಡ್ಡ ಉಳಿತಾಯವನ್ನು ಬೇರಾವ ಒಂದೇ ಬದಲಾವಣೆಯೂ ಇಷ್ಟು ಅಗ್ಗವಾಗಿ ಕೊಡುವುದಿಲ್ಲ. ಗುರಿ ತುಸು ತಪ್ಪಿದರೂ ಚಿತ್ರದ ಅಂಚು ಕತ್ತರಿಸಿಹೋಗಿ ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಎಂಬುದೇ ಇದರ ತೊಡಕು. ಆದ್ದರಿಂದ ಆಯತಾಕಾರದ ಕೊಲಿಮೇಟರ್ ಕೊಡುವವರು ಗುರಿಯುಂಗುರವಿರುವ ಹೋಲ್ಡರನ್ನೂ, ಕೈಬಿಟ್ಟ ಮೇಲೆ ಜಾರದೆ ನಿಲ್ಲುವ ತೋಳನ್ನೂ ಒಟ್ಟಿಗೇ ವಿನ್ಯಾಸಗೊಳಿಸಬೇಕು. ತೋಳು ಬಿಟ್ಟ ಜಾಗದಿಂದ ಎಷ್ಟು ಸರಿಯುತ್ತದೆ ಎಂಬುದನ್ನು ಅಳೆದು, ಆ ಅಳತೆಯನ್ನು ಸೆನ್ಸರ್‌ನ ಸುತ್ತ ಕೊಲಿಮೇಟರ್ ಬಿಡುವ ಅಂಚಿನೊಳಗೆ ಸೇರಿಸಬೇಕು.