ಐವತ್ತರ ಅಂಚಿನಲ್ಲಿ ಟ್ಯಾಲಿ ಕಲಿತದ್ದು

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಬಳಿ ಕಿರ್ದಿ, ಖಾತೆ ಬರೆದುಕೊಂಡಿದ್ದೆ. ವಯಸ್ಸಾಯಿತೆಂದು ಸಾಹುಕಾರರು ವ್ಯಾಪಾರ ನಿಲ್ಲಿಸಿದಾಗ ನನಗೆ 48. ಬೇರೆ ಕಸುಬು ನೋಡು ಎಂದವರೇ ಹೆಚ್ಚು. ನನಗದು ಒಪ್ಪಿಗೆಯಾಗಲಿಲ್ಲ. ಲೆಕ್ಕ ಬರುತ್ತಿತ್ತು, ಕಂಪ್ಯೂಟರ್ ಬರುತ್ತಿರಲಿಲ್ಲ, ಕಲಿಯಬೇಕಾದದ್ದು ಅಷ್ಟೇ.

ಮೊದಲು ಕೆಲಸ ಹುಡುಕುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದೆ, ಶುಲ್ಕವಿಲ್ಲ. ಸರ್ಕಾರಿ ತರಬೇತಿ ವಿಚಾರಿಸಿದರೆ ವಯಸ್ಸೇ ಅಡ್ಡ ಬಂತು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ನಾಲ್ಕನೇ ಹಂತದಲ್ಲಿ ಅಲ್ಪಾವಧಿ ತರಬೇತಿಗೆ ಮಿತಿ 45. ಆದರೆ ಕೈಯಲ್ಲಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್‌ಗೆ 59ರವರೆಗೂ ಅವಕಾಶವಿತ್ತು. ವಯಸ್ಸು ಮೀರಿದೆ ಎನ್ನಿಸಿಕೊಂಡು ತಿರುಗಿ ಬರುವ ಎಷ್ಟೋ ಜನರಿಗೆ ಈ ಎರಡನೆಯದನ್ನು ಯಾರೂ ಹೇಳುವುದಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ, ಅದನ್ನು ಕಲಿಯಲು ಸಂಜೆಯ ಖಾಸಗಿ ತರಗತಿ ಸೇರಿದೆ. ಹಣ ಕಟ್ಟುವ ಮುನ್ನ ಒಂದು ಪಾಠಕ್ಕೆ ಕುಳಿತು ನೋಡಿದೆ. ನಿಜವಾದ ಬಿಲ್ಲುಗಳನ್ನು ನಮೂದಿಸಲು ಕೊಡುತ್ತೀರಾ, ಜಿಎಸ್‌ಟಿ ರಿಟರ್ನ್ ನಮ್ಮ ಕೈಯಿಂದಲೇ ತುಂಬಿಸುತ್ತೀರಾ ಎಂದು ಕೇಳಿದೆ. ಈ ಎರಡಕ್ಕೂ ಹೌದು ಎನ್ನುವ ಕಡೆಯೇ ಸೇರಬೇಕು. ಕೀಲಿಮಣೆಗೆ ಬೆರಳು ಪಳಗುವುದು ತಡವಾಯಿತು, ಅದಕ್ಕೆ ಅಭ್ಯಾಸವೊಂದೇ ದಾರಿ.

ನನ್ನ ಹಳೆಯ ಅನುಭವದ ಬೆಲೆ ತಿಳಿದದ್ದು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ. ಕಡಿಮೆ ಸಂಬಳವಾದರೂ ಸರಿ, ಕೆಲಸ ಕಲಿಸಿ ಎಂದು ಅಲ್ಲಿಗೆ ಹೋಗಿದ್ದೆ. ರೈತರಿಂದ ಕೊಂಡ ಕಚ್ಚಾ ಹತ್ತಿಗೆ ಜಿಎಸ್‌ಟಿ ಕಟ್ಟಬೇಕಾದವನು ಮಾರಿದ ರೈತನಲ್ಲ, ನೋಂದಾಯಿತ ಖರೀದಿದಾರ. ಇದೇ ರಿವರ್ಸ್ ಚಾರ್ಜ್. ಅವನು ಅದನ್ನು ನಗದಾಗಿ ಕಟ್ಟಿ, ನಂತರ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ತಾನು ಕಟ್ಟಬೇಕಾದ ಬೇರೆ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಪದವಿ ಮುಗಿಸಿ ಬಂದ ಹುಡುಗರು ನಿಯಮವನ್ನು ಬಾಯಿಪಾಠ ಹೇಳುತ್ತಿದ್ದರು. ಆದರೆ ಯಾವ ಪಟ್ಟಿ, ಅಂದರೆ ಮಾರಾಟದ ಚೀಟಿ, ರೈತನದು, ಯಾವುದು ಇನ್ನೊಬ್ಬ ವ್ಯಾಪಾರಿಯದು ಎಂದು ಪಟ್ಟಿ ನೋಡಿದೊಡನೆ ಹೇಳುವುದು ಮಾರುಕಟ್ಟೆಯಲ್ಲಿ ಬಾಳಿದವನಿಗೆ ಸಾಧ್ಯ. ಹಂಗಾಮು ಬಂದಾಗ ಹತ್ತಿಯ ಕಡತಗಳೆಲ್ಲ ನನ್ನ ಮೇಜಿಗೇ ಬರತೊಡಗಿದವು, ಸಂಬಳವೂ ಏರಿತು.

ಕೆಲಸ ಕೇಳಿ ಬರೆಯುವಾಗ ಎಷ್ಟು ವರ್ಷ ದುಡಿದೆ ಎನ್ನುವುದಕ್ಕಿಂತ ಏನೇನು ನಿಭಾಯಿಸಿದೆ ಎಂಬುದನ್ನು ಮೇಲೆ ಬರೆಯಿರಿ: ತೂಕದ ಚೀಟಿ ತಾಳೆ ನೋಡುವುದು, ರೈತರ ಪಾವತಿ, ಬ್ಯಾಂಕ್ ಲೆಕ್ಕ. ನನ್ನನ್ನು ಮಾತನಾಡಿಸಿದವರೆಲ್ಲ ಅದನ್ನೇ ಕೇಳಿದರು.

ಈಗ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸುವುದನ್ನು, ಕಲಿಯುತ್ತಿದ್ದೇನೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಅದು ಕಡ್ಡಾಯ, ನಮ್ಮ ಗ್ರಾಹಕರಲ್ಲಿ ಒಬ್ಬರು ಆ ಮಿತಿಯ ಹತ್ತಿರ ಬಂದಿದ್ದಾರೆ.