ಕತ್ತಲಾಗದ ಊರಲ್ಲಿ ಆರು ದಿನ

ಜೂನ್ ಕೊನೆಯ ವಾರ ನಾವು ನಾಲ್ವರು ಗೆಳೆಯರು ಕೋಪನ್‌ಹೇಗನ್‌ನಲ್ಲಿ ಬಾಡಿಗೆ ಕಾರು ಹಿಡಿದು ಹೊರಟೆವು. ಮೊದಲ ದಿನವೇ ಡೆನ್ಮಾರ್ಕ್-ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿ: ಡೆನ್ಮಾರ್ಕ್ ಕಡೆಯಿಂದ ಸಮುದ್ರದಡಿ 4 ಕಿ.ಮೀ. ಸುರಂಗ, ಮಧ್ಯೆ ಮನುಷ್ಯರೇ ಕಟ್ಟಿದ ದ್ವೀಪ, ಆಮೇಲೆ ಸುಮಾರು 8 ಕಿ.ಮೀ. ಸೇತುವೆ. ಸ್ವೀಡನ್ ತಲುಪಿದ ಮೇಲೆ ಟೋಲ್ ಕಟ್ಟುವಾಗ ಮಾತ್ರ ಎಲ್ಲರೂ ಕಿಟಕಿಯಾಚೆ ನೋಡಿದರು. ಸ್ವೀಡನ್ನಿನ ಗೋಥೆನ್‌ಬರ್ಗ್, ನಾರ್ವೆಯ ಓಸ್ಲೊ ಸಲೀಸಾಗಿ ಕಳೆದವು.

ಎಡವಿದ್ದು ಓಸ್ಲೊ ದಾಟಿದ ಮೇಲೆ. ಅಲ್ಲಿಂದ ಪಶ್ಚಿಮ ನಾರ್ವೆಯ ಫ್ಲೋಮ್ ಹಳ್ಳಿಗೆ ಸುಮಾರು 350 ಕಿ.ಮೀ., ಅಂದರೆ ಬೆಂಗಳೂರಿನಿಂದ ಮಂಗಳೂರಿನಷ್ಟು. ‘ಮಧ್ಯಾಹ್ನ ಉಂಡು ಹೊರಟರೂ ಸಾಕು’ ಅಂದವನು ನಾನೇ. ರಸ್ತೆ ನುಣುಪೇ, ಆದರೆ ಬಹುಪಾಲು ಕಡೆ 80ರ ಮಿತಿ. ಊರು ಬಂದರೆ ಇನ್ನೂ ಕಡಿಮೆ. ಅದರ ಮೇಲೆ ಪ್ರತಿ ಕೆರೆಗೂ ನಿಲ್ಲಿಸಿ ಫೋಟೊ. ಬೋರ್ಗುಂಡ್‌ನ ಮರದ ಚರ್ಚಿನ ಮುಂದೆಯಂತೂ ಮುಕ್ಕಾಲು ಗಂಟೆ ಹೋಯಿತು. ಎಂಟುನೂರು ವರ್ಷ ದಾಟಿದ ಕಟ್ಟಡ, ಹತ್ತಿರ ಹೋದರೆ ಮರಕ್ಕೆ ಬಳಿದ ಡಾಂಬರಿನ ವಾಸನೆ.

ಬೆಳಕು ಮೋಸ ಮಾಡುವುದು ಹೀಗೆ. ಸಂಜೆ ಐದಾಗಿರಬೇಕು ಅನ್ನಿಸುತ್ತದೆ, ಗಡಿಯಾರದಲ್ಲಿ ರಾತ್ರಿ ಹತ್ತು. ಕತ್ತಲಾದರೆ ‘ಇನ್ನು ಸಾಕಪ್ಪ’ ಅನ್ನುತ್ತೇವೆ. ಇಲ್ಲಿ ಹಾಗೆ ಅನ್ನುವವರೇ ಇಲ್ಲ. ಸ್ಟೀರಿಂಗ್ ಹಿಡಿದಿದ್ದ ಗೆಳೆಯನ ಕಣ್ಣು ಎಳೆಯುತ್ತಿರುವುದು ನನಗೆ ಗೊತ್ತಾದದ್ದು ಲೇರ್ಡಾಲ್ ಸುರಂಗದೊಳಗೆ ಹೊಕ್ಕ ಮೇಲೆ. 24.5 ಕಿ.ಮೀ.! ಪುಣ್ಯಕ್ಕೆ ಒಳಗೆ ಮೂರು ಕಡೆ ಗುಹೆಯಂತೆ ಅಗಲ ಮಾಡಿ ನೀಲಿ ದೀಪ ಹಾಕಿದ್ದಾರೆ, ಚಾಲಕರಿಗೆ ಮಂಪರು ಹತ್ತದಿರಲಿ ಅಂತಲೇ. ಮೊದಲನೆಯದರಲ್ಲೇ ಪಕ್ಕಕ್ಕೆ ನಿಲ್ಲಿಸಿ ಜಾಗ ಬದಲಿಸಿದೆವು. ಮರುದಿನದಿಂದ ಒಂದೇ ಕಟ್ಟುಪಾಡು: ಸಂಜೆ ಏಳಕ್ಕೆ ಕಾರು ನಿಲ್ಲಬೇಕು, ಸೂರ್ಯ ಎಲ್ಲೇ ಇರಲಿ.

ಉಳಿಯಲು ಕ್ಯಾಂಪಿಂಗ್ ಜಾಗದ ಮರದ ಗುಡಿಸಲು ಹಿಡಿಯಿರಿ. ಅಲ್ಲಿ ಅವಕ್ಕೆ ‘ಹ್ಯೂಟೆ’ ಅನ್ನುತ್ತಾರೆ. ನಮ್ಮದರಲ್ಲಿ ಅಟ್ಟದ ಮಂಚ, ಚಿಕ್ಕ ಒಲೆ ಇದ್ದವು. ಹಾಸು ಹೊದಿಕೆ ನಾವೇ ಒಯ್ಯಬೇಕಿತ್ತು. ಪರದೆ ತೆಳು, ನಾನು ಪಂಚೆ ಮಡಚಿ ಕಣ್ಣಿಗೆ ಕಟ್ಟಿಕೊಂಡು ಮಲಗಿದೆ. ಹೋಟೆಲ್ ಊಟದ ದರ ನೋಡಿದ ಮೇಲೆ ಡಬ್ಬಿಯ ಪುಳಿಯೋಗರೆ ಗೊಜ್ಜಿಗೆ ಬೆಲೆ ಬಂತು.

ವಾಪಸು ಬರುವಾಗ ಸುರಂಗ ಬಿಟ್ಟು ಅದರ ಮೇಲಿನ ಔರ್‌ಲಾಂಡ್ ಬೆಟ್ಟದ ಹಳೇ ರಸ್ತೆ ಹತ್ತಿದೆವು. ಚಳಿಗಾಲದಲ್ಲಿ ಮುಚ್ಚಿರುತ್ತದೆ, 1,306 ಮೀಟರ್ ಎತ್ತರದಲ್ಲಿ ಜೂನ್‌ನಲ್ಲೂ ಇಕ್ಕೆಲದಲ್ಲಿ ಹಿಮದ ಗೋಡೆ. ಅದಕ್ಕೆ ಒರಗಿ ನಿಂತೇ ಪುಳಿಯೋಗರೆ ತಿಂದೆವು. ಮೂರನೇ ತುತ್ತಿಗೆ ಅನ್ನ ಕಲ್ಲಾಗಿತ್ತು.